ಇನ್ನೊಮ್ಮೆ ಹಾಡವ್ವಾ

ಅದು ವಿಚಾರವಾದಿಗಳ ಸಮಾವೇಶ. ದೇವಿಯ ಹೆಸರಿನಲ್ಲಿ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿ ಜೋಗತಿಯರನ್ನಾಗಿ ಮಾಡುವುದು ನಿಲ್ಲಲೇಬೇಕೆಂದು ಬೆಳಗಿನಿಂದ ಐವರು ಗುಡುಗಿದ್ದರು. ಕೊನೆಗೆ ಜೋಗತಿ ಹುಲಿಗೆವ್ವನ ಸರದಿ ಬಂತು. ತನ್ನ ಬದುಕನ್ನು ತಾನೇ ಹೇಳಲು ಅವಳಿಗೆ ಹತ್ತು ನಿಮಿಷ ಕೊಡುವುದೆಂದು ಮಾತಾಗಿತ್ತು. ಅರವತ್ತು ವರ್ಷ ಯಾರ ಮುಂದೆಯೂ ಬಾಯಿಬಿಡದ್ದನ್ನು ಇಂದು ಹೇಳಿಯೇ ಬಿಡಬೇಕೆಂದು ಅವಳು ಗಟ್ಟಿ ಮನಸ್ಸು ಮಾಡಿ ಬಂದಿದ್ದಳು.

"ವೇಳೆ ಆಗೇತಿ, ಊಟ ತಣ್ಣಗಾಗಾಕತ್ತೈತಿ" ಎಂದರು ಅಧ್ಯಕ್ಷರು. "ಮಾತು ಬ್ಯಾಡವ್ವ, ಒಂದು ಹಾಡು ಹಾಡಿಬಿಡು."

"ದೇವಿ ಹಾಡಷ್ಟ ಬರ್ತಾವ್ರಿ ನನಗ. ನೀವು ದೇವರನ್ನ ನಂಬೂದಿಲ್ಲಲ್ರೀ?"

"ನಂಬಾಕ ಯಾರು ಹೇಳ್ಯಾರ? ನಾವು ಕಲೆ ಅಷ್ಟ ನೋಡ್ತೀವಿ. ನೀ ಹಾಡು."

ಹುಲಿಗೆವ್ವ ಮೈಕನ್ನು ತಗ್ಗಿಸಿದಳು. ಆಮೇಲೆ ಚೌಡಿಕೆಯ ತಂತಿ ಮೀಟಿದಳು.

ದನಿ ಏರಿದಂತೆಲ್ಲ ಸಭೆ ತಲೆದೂಗಿತು. ದೇವರಿಲ್ಲ ಎಂದು ಬರೆದ ಬ್ಯಾನರಿನ ಕೆಳಗೆ ಅಧ್ಯಕ್ಷರ ಬೆರಳುಗಳು ತಾಳ ಹಾಕಿದವು. "ಇನ್ನೊಮ್ಮೆ ಹಾಡವ್ವಾ!" ಎಂದು ಹಿಂದಿನ ಸಾಲಿನವರು ಶಿಳ್ಳೆ ಹೊಡೆದರು. ಅವಳು ಇನ್ನೊಮ್ಮೆ ಹಾಡಿದಳು.

ಶಾಲು ಹೊದಿಸಿದ ಅಧ್ಯಕ್ಷರ ಕಣ್ಣುಗಳು ತೇವಗೊಂಡಿದ್ದವು. "ಎಂಥಾ ಹಾಡವ್ವಾ ಇದು! ಆದರ ಇಷ್ಟು ಎತ್ತರದ ದನೀಲೆ ಯಾಕ ಹಾಡ್ತೀರಿ?"

"ಮುತ್ತು ಕಟ್ಟೂ ಮುಂದ ಹುಡಿಗಿ ಚೀರೂದು ಅವರವ್ವಗ ಕೇಳಬಾರದಂತ್ರಿ, ಸಾಹೇಬ್ರ."