ಎರಡನೇ ಟೇಪು

“ಮಾವ, ನಿಮ್ಮ ಈ ಪ್ರೋಗ್ರಾಂ ‘ಎರಡನೇ ಟೇಪು ಹಾಕಿ’ ಅಂತ ಕೇಳುತ್ತೆ. ಆದ್ರೆ ಆ ಟೇಪನ್ನ ಎಲ್ಲೂ ಓದೋದೇ ಇಲ್ವಲ್ಲ?”

ಮಾವ ಕಿಟಕಿಯ ಕಡೆ ಮುಖ ತಿರುಗಿಸಿದರು. ನಲವತ್ತು ವರ್ಷದ ಹಿಂದೆ ಇದೇ ಮಹಡಿಯ ಕೋಣೆಯಲ್ಲಿ ಕೂತು ಅವರು ಒಂದು ಪುಟ್ಟ ಕಂಪ್ಯೂಟರ್ ಭಾಷೆಯನ್ನೂ, ಆ ಭಾಷೆಯಲ್ಲಿ ಬರೆದದ್ದನ್ನು ಯಂತ್ರಕ್ಕೆ ತಿಳಿಯಹೇಳುವ ಕಂಪೈಲರನ್ನೂ ಕಟ್ಟಿದ್ದರು. ಬೀರುವಿನಷ್ಟು ದೊಡ್ಡದಾದ, ಮಾಹಿತಿಯನ್ನು ಟೇಪಿನ ಸುರುಳಿಗಳಿಂದ ಓದುತ್ತಿದ್ದ ಆ ಹಳೆಯ ಯಂತ್ರ ನಾಳೆ ಗುಜರಿಗೆ ಹೋಗುತ್ತದೆ. ಅಷ್ಟರೊಳಗೆ ಕಂಪೈಲರನ್ನು ಹೊಸ ಆಪರೇಟಿಂಗ್ ಸಿಸ್ಟಮ್ಮಿಗೆ ಒಗ್ಗಿಸಿಯೇ ತೀರುತ್ತೇನೆಂದು ಅಕ್ಕನ ಮಗಳು ಮೂರು ತಿಂಗಳಿಂದ ಟೊಂಕ ಕಟ್ಟಿ ನಿಂತಿದ್ದಳು. ಈ ಮಧ್ಯಾಹ್ನ ಅದು ಹೊಸ ಯಂತ್ರದಲ್ಲಿ ಮೊದಲ ಸಲ ಓಡುವುದಿತ್ತು. ನೋಡಲು ಅತ್ತೆಯೂ ಹೊರಟಿದ್ದರು.

“ಓದಲ್ಲ,” ಎಂದರು ಮಾವ ಕೊನೆಗೆ. “ಅದರಲ್ಲಿ ಏನೂ ಇಲ್ಲ. ನಿಮ್ಮತ್ತೆ ಆಗ ಕೆಳಗಡೆ ಟೇಪಿನ ಕೋಣೆ ನೋಡ್ಕೊಳ್ತಿದ್ಲು. ಮಾತಾಡ್ಸೋಕೆ ನನಗೆ ನಾಲಿಗೇನೇ ಏಳ್ತಿರಲಿಲ್ಲ. ಅದಕ್ಕೆ ಕಂಪೈಲರ್ ಕೈಲಿ ಟೇಪು ಕೇಳಿಸ್ದೆ.”

ಹುಡುಗಿ ಬಿದ್ದುಬಿದ್ದು ನಕ್ಕಳು. ಮಾವ ನಗಲಿಲ್ಲ.

“ಐವತ್ತೆರಡು ಮೆಟ್ಟಿಲು ಪುಟ್ಟಾ, ದಿನಕ್ಕೆ ಐದಾರು ಸಲ ಟೇಪು ಹಿಡ್ಕೊಂಡು ಹತ್ತಿ ಬರ್ತಿದ್ಲು. ಮದುವೆ ಆದ್ಮೇಲೆ ಆ ಸಾಲು ತೆಗೆಯೋಣ ಅಂದ್ಕೊಂಡೆ. ಯಾಕೆ ತೆಗೆದ್ರಿ ಅಂತ ಅವಳು ಕೇಳಿದ್ರೆ ಏನು ಹೇಳ್ಲಿ? ಈಗ ಮಂಡಿ ನೋವು ಬಂದಾಗೆಲ್ಲ, ‘ನಿಮ್ಮ ಎರಡನೇ ಟೇಪು ನನ್ನ ಮಂಡಿ ತಿಂದ್ಹಾಕ್ತು’ ಅಂತಾಳೆ. ನನಗೆ ಅನ್ನ ಗಂಟಲಲ್ಲಿ ಇಳಿಯಲ್ಲ. ಆ ಸಾಲು ತೆಗೆದುಬಿಡಮ್ಮ. ಅವಳೆದುರು ಅದು ಕೇಳೋದು ಬೇಡ.”

ಹಳೆಯ ಯಂತ್ರ ಕೊನೆಯ ಸಲಕ್ಕೆಂದು ಮೂಲೆಯಲ್ಲಿ ಗುಂಯ್‌ಗುಡುತ್ತಿತ್ತು. ಬಿಸಿಲಿನ ಕೋಲಿನಲ್ಲಿ ಧೂಳು ಮೇಲಕ್ಕೂ ಹೋಗದೆ ಕೆಳಕ್ಕೂ ಬೀಳದೆ ತೇಲುತ್ತಿತ್ತು. ಆ ಸದ್ದಿನಲ್ಲಿ ಹುಡುಗಿಗೆ ಮಂಪರು ಹತ್ತಿದಂತಾಯಿತು. ಉದ್ದ ಜಡೆಯ ಯಾರೋ ಎರಡೆರಡು ಮೆಟ್ಟಿಲು ಹಾರಿ ಬರುತ್ತಿದ್ದಾರೆ, ಬಾಗಿಲ ಹೊರಗೆ ನಿಂತು ಸೆರಗಿನಿಂದ ಬೆವರೊರೆಸಿಕೊಳ್ಳುತ್ತಿದ್ದಾರೆ. ಆಮೇಲೆ ನಿಜವಾದ ಹೆಜ್ಜೆ ಕೇಳಿಸಿತು. ಒಂದೊಂದೇ ಮೆಟ್ಟಿಲು, ನಡುನಡುವೆ ನಿಟ್ಟುಸಿರು. ಅವಳು ಗಡಬಡಿಸಿ ಆ ಸಾಲನ್ನು ಅಳಿಸಿದಳು.

ಅತ್ತೆ ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ಬಟ್ಟೆ ಸುತ್ತಿದ ದುಂಡನೆಯ ತಗಡಿನ ಡಬ್ಬಿ. ಕೆಲಸ ಬಿಟ್ಟ ದಿನ ಮನೆಗೆ ತಂದಿಟ್ಟುಕೊಂಡಿದ್ದ ಎರಡನೇ ಟೇಪು ಅದು.

ಹುಡುಗಿ ಗುಂಡಿ ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದು, ಉತ್ತರ ಪರದೆಯ ಮೇಲಿತ್ತು. ಮಾವನಿಗೆ ಹೋದ ಜೀವ ಬಂದಂತಾಯಿತು.

“ಎರಡನೇದು ಕೇಳಲೇ ಇಲ್ಲ?” ಎಂದರು ಅತ್ತೆ.

“ಹೊಸ ಯಂತ್ರ ಅಲ್ವಾ ಅತ್ತೆ, ಇದಕ್ಕೆ ಬೇಕಾಗಲ್ಲ.”

“ಹಳೇದಕ್ಕೆ ಮಾತ್ರ ಬೇಕಿತ್ತೇನು?” ಅತ್ತೆ ಕುರ್ಚಿ ಎಳೆದುಕೊಂಡು ಕೂತರು. “ಮೊದಲನೇ ವಾರಾನೇ ಅವಸರದಲ್ಲಿ ಖಾಲಿ ಡಬ್ಬಿ ತಂದುಕೊಟ್ಟಿದ್ದೆ. ಈ ಮಹಾರಾಯ್ರು ಮುಚ್ಚಳಾನೂ ತೆಗೀಲಿಲ್ಲ. ನನ್ನ ಮುಖ ನೋಡ್ತಾನೇ ಗುಂಡಿ ಒತ್ತಿದ್ರು. ಯಂತ್ರ ಜುಮ್ಮಂತ ಓಡ್ತು.”

“ಮತ್ತೆ… ಮಂಡಿ?” ಎಂದರು ಮಾವ.

“ಮಂಡಿ ನಂದು. ಗೊತ್ತಿದ್ದೇ ಹತ್ತಿದ್ದೂ ನಾನೇ. ಯಾರೂ ಎಳ್ಕೊಂಡು ಬರಲಿಲ್ಲವಲ್ಲ.” ಅತ್ತೆ ಹುಡುಗಿಯ ಕಡೆ ತಿರುಗಿದರು. “ಏನು ಅಳಿಸಿದ್ಯೋ ಅದನ್ನ ವಾಪಸ್ ಹಾಕು ತಾಯಿ. ಇಷ್ಟು ಮೆಟ್ಟಿಲು ಸುಮ್ನೆ ಹತ್ತಿ ಬಂದೆನಾ?”

ಹುಡುಗಿ ಸಾಲನ್ನು ಮತ್ತೆ ಬರೆದಳು. ಪರದೆಯ ಮೇಲೆ ‘ಎರಡನೇ ಟೇಪು ಹಾಕಿ’ ಎಂದು ಮೂಡಿತು. ಅತ್ತೆ ಬಟ್ಟೆ ಬಿಚ್ಚಿ ಡಬ್ಬಿಯನ್ನು ಮುಂದೆ ಚಾಚಿದರು, ಮಾವ ಎರಡೂ ಕೈಯಲ್ಲಿ ಹಿಡಿದುಕೊಂಡರು. ಇಬ್ಬರೂ ಬಿಡಲಿಲ್ಲ, ಗುಂಡಿ ಒತ್ತುವ ಅವಸರ ಯಾರಿಗೂ ಇರಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಸಬಲ್ಲ ಹೊಸ ಯಂತ್ರ ಕಾಯುತ್ತ ಕೂತಿತು.