ಸೊಟ್ಟ ವಿಭೂತಿ

ವಿಭೂತಿ ಗಟ್ಟಿಗೆ ನೀರು ತಾಗಿದಾಗ ಬರುವ ವಾಸನೆಗೆ ಈಗಲೂ ನನ್ನ ಹಣೆ ತಣ್ಣಗಾಗುತ್ತದೆ.

ಸ್ಟ್ರೋಕ್ ಆಗಿ ಅಜ್ಜಿಯ ಬಲಗೈ ಸೋತಿತ್ತು. ಗುಬ್ಬಿಯಿಂದ ಬರುತ್ತಿದ್ದ ಫಿಸಿಯೋಥೆರಪಿ ಅಕ್ಕ ಹಿಚುಕಲು ಕೊಟ್ಟ ರಬ್ಬರ್ ಚೆಂಡನ್ನು ಅಜ್ಜಿ ಮಂಚದಡಿಗೆ ಉರುಳಿಸಿಬಿಡುತ್ತಿದ್ದಳು. "ನಾನೇನು ಕೂಸಾ?"

ಎಡಗೈಲಿ ವಿಭೂತಿ ಹಚ್ಚಿಕೊಳ್ಳಲು ಅವಳು ಒಪ್ಪುತ್ತಿರಲಿಲ್ಲ. ಹಾಗಾಗಿ ದಿನಾ ಊಟಕ್ಕೆ ಮುಂಚೆ ಅಮ್ಮನೇ ಹಚ್ಚುತ್ತಿದ್ದಳು. ಒಂದು ಮಧ್ಯಾಹ್ನ ಫಿಸಿಯೋಥೆರಪಿ ಅಕ್ಕ ಅದನ್ನು ನೋಡಿ ಅಮ್ಮನ ಕೈ ತಡೆದಳು.

"ನೀವು ಹಚ್ಬೇಡಿ. ಸೋತಿರೋ ಕೈಯಿಂದ್ಲೇ ಮಾಡಿಸ್ಬೇಕು. ಎಷ್ಟೊತ್ತಾದ್ರೂ ಕಾಯೋಣ."

"ನಮ್ಮತ್ತೆಗೆ ನಾನು ಇಷ್ಟೂ ಮಾಡ್ಬಾರ್ದಾ?" ಅಮ್ಮನಿಗೆ ಅಳುವೇ ಬಂತು.

ಕಾದೆವು. ಒಲೆ ಮೇಲಿನ ಸಾರು ಆರಿತು. ಅಜ್ಜಿಯ ಕೈ ಎದೆಯವರೆಗೆ ಬಂದು ಬಿತ್ತು, ಮತ್ತೆ ಗದ್ದದವರೆಗೆ ಬಂದು ಬಿತ್ತು. ಹಣೆ ಎಟುಕಲೇ ಇಲ್ಲ.

"ಬಾರೇ ಇಲ್ಲಿ" ಎಂದು ಅಜ್ಜಿ ನನ್ನನ್ನು ಕರೆದಳು. ಎದುರಿಗೆ ಕೂತೆ. ನನ್ನ ಹಣೆ ಸರಿಯಾಗಿ ಅವಳ ಗದ್ದದ ಎತ್ತರಕ್ಕಿತ್ತು. ನಡುಗುವ ಮೂರು ಬೆರಳು ಹಣೆ ಮುಟ್ಟಿ, ಮೂಗಿನವರೆಗೂ ಜಾರಿದವು.

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಸೊಟ್ಟಾಯ್ತು ಬುಡು, ಒರೆಸ್ಕೊ" ಅಂದಳು ಅಜ್ಜಿ.

ಮರುದಿನ ಸ್ಕೂಲಿಗೂ ನಾನು ಹಾಗೇ ಹೋದೆ.