ಹಳದಿ ಬುರುಡೆ

ನೀರಿನಿಂದ ತಲೆಯೆತ್ತಿದ ಮಗಳು ಬಾಯಲ್ಲಿ ಕಚ್ಚಿದ್ದ ಗಾಳಿ ಕೊಳವೆ ಕಿತ್ತು ಕೂಗಿದಳು: "ಅಪ್ಪಾ, ಕೆಳಗೆ ಬರೀ ಮರಳು! ಹಡಗಿರಲಿ, ಹಡಗಿನ ಮೊಳೆಯೂ ಇಲ್ಲ!"

ದೋಣಿಯಲ್ಲಿ ಕೂತಿದ್ದ ಅಪ್ಪ ಗಾಬರಿಯಾಗಲಿಲ್ಲ. "ಇಲ್ಲೆಲ್ಲಿಂದ ಬರ್ಬೇಕು? ನಾನು ಹೇಳಿದ್ದು ಕರಿಬಂಡೆಯ ಎಡಕ್ಕೆ. ನೀನು ಬುರುಡೆ ಬಿಡಿಸಿರೋದು ಬಲಕ್ಕೆ."

"ಬರುವಾಗಲೇ ಹೇಳೋದಲ್ವಾ?"

"ಓದಿದವಳು, ಏನೋ ಲೆಕ್ಕಾಚಾರ ಇರ್ಬೇಕು ಅಂದ್ಕೊಂಡೆ."

ಬುರುಡೆ ಎಂದರೆ ಪುರಾತತ್ವ ಇಲಾಖೆಯ ಹಳದಿ ತೇಲುಗುಂಡುಗಳು. ಹಿಂದೆಂದೋ ಮುಳುಗಿದ ಸರಕಿನ ಹಡಗೊಂದನ್ನು ಕಾಪಾಡಲು ಗೊತ್ತುಮಾಡಿದ ರಕ್ಷಿತ ವಲಯಕ್ಕೆ ಅವೇ ಬೇಲಿ. ಒಳಗೆ ಬಲೆ ಬೀಸುವಂತಿಲ್ಲ, ಲಂಗರು ಇಳಿಸುವಂತಿಲ್ಲ. ಮಳೆಗಾಲದ ಕದಡಿದ ನೀರಿನಲ್ಲಿ ಮುಳುಗಿ ನೋಡಲು ಆಗಿರಲಿಲ್ಲ. ಮೀನುಗಾರಿಕೆ ಶುರುವಾಗುವ ಮೊದಲೇ ಬೇಲಿ ಬೀಳಬೇಕಿತ್ತು. ಹಡಗಿನ ಜಾಗ ಗೊತ್ತಿದ್ದವನು ಅಪ್ಪನೊಬ್ಬನೇ. ಅದರ ಸುತ್ತ ಮೀನು ಮುತ್ತಿಕೊಂಡಿರುತ್ತಿದ್ದರಿಂದ ಹೆಂಡತಿಯ ಮುಂದೂ ಬಾಯಿಬಿಟ್ಟಿರಲಿಲ್ಲ. ಇಲಾಖೆಯಲ್ಲಿ ಇದು ಮಗಳ ಮೊದಲ ಕೆಲಸವೆಂದು ಮಗಳೊಬ್ಬಳಿಗೆ ಮಾತ್ರ ಆ ಗುಟ್ಟು ಹೇಳಿದ್ದ.

"ಅಪ್ಪ, ನೀನು ಯಾರಿಗಾದ್ರೂ ಮೀನು ಸಿಕ್ಕಿದ ಜಾಗ ಸರಿಯಾಗಿ ಹೇಳಿದ್ದುಂಟಾ? ಎಡ ಅಂದ್ರೆ ಬಲ, ಬಲ ಅಂದ್ರೆ ಎಡ. ಬಂದರಿನಲ್ಲಿ ಇಲಾಖೆಗಿಂತ ಮುಂಚೆ ಬುರುಡೆ ಬಿಟ್ಟವನು ನೀನು. ಅದಕ್ಕೇ ನೀನು ಎಡ ಅಂದ್ಯಲ್ಲ, ನಾನು ಬಲಕ್ಕೆ ಹಾಕಿಸಿದೆ!"

"ಅಯ್ಯೋ ಮಹಾತಾಯಿ! ಜೀವಮಾನದಲ್ಲಿ ಒಂದೇ ಸಲ ನಿಜ ಹೇಳಿದ್ದೆ ಕಣೇ!"

ಇಬ್ಬರೂ ಒಟ್ಟಿಗೇ ಬಂಡೆಯ ಎಡಕ್ಕೆ ತಿರುಗಿ ನೋಡಿದರು. ಬೆಳಿಗ್ಗೆ ಮೈಕು ಹಿಡಿದು "ಬುರುಡೆಯಿಂದಾಚೆ ಹೋಗಿ" ಎಂದು ಮಗಳೇ ಅಟ್ಟಿದ್ದ ದೋಣಿಗಳೆಲ್ಲ ಸಾಲಾಗಿ ಅತ್ತ ಸಾಗುತ್ತಿದ್ದವು. ಮುಂದಿನ ದೋಣಿಯವನು ಲಂಗರಿನ ಹಗ್ಗ ಬಿಚ್ಚತೊಡಗಿದ್ದ. ಹಡಗಿನ ಹೊಟ್ಟೆಯಲ್ಲಿ ಮಣ್ಣಿನ ಜಾಡಿಗಳು ಜೋಡಿಸಿಟ್ಟ ಹಾಗೇ ಇವೆ, ಒಂದೂ ಒಡೆದಿಲ್ಲ ಎಂದು ಅಪ್ಪ ಹೇಳಿದ್ದ. ಮೇಲಿನಿಂದ ಒಂದು ಲಂಗರು ಬಿದ್ದರೆ ಮುಗಿಯಿತು.

ದೋಣಿ ಹತ್ತಿದವಳೇ ಮೈಕಿಗೆ ಕೈಹಾಕಿದಳು.

"ಏನಂತ ಕೂಗ್ತೀಯ? ಕೆಳಗೆ ಹಡಗಿದೆ ಅಂತಲಾ? ನಾಳೆಯೇ ಜಾಡಿ ಎತ್ತೋಕೆ ಊರಿಗೆ ಊರೇ ಮುಳುಗುತ್ತೆ. ಕೊಡು ಇಲ್ಲಿ" ಎಂದು ಅಪ್ಪ ಮೈಕು ಕಸಿದುಕೊಂಡ. ಎಂಜಿನ್ ಗುಡುಗಿತು. ದೋಣಿಗಳ ನಡುವೆ ನುಗ್ಗಿ, ಹಡಗಿನ ನೆತ್ತಿಯ ಮೇಲೇ ನಿಂತು, ಒಂದು ಕೈ ಬೀಸುತ್ತ ಮೈಕಿನಲ್ಲಿ ಅರಚಿದ: "ಬನ್ರೋ! ಎಲ್ಲರೂ ಇಲ್ಲೇ ಲಂಗರು ಹಾಕ್ರೋ! ಮೀನು ರಾಶಿ ಬಿದ್ದಿದೆ! ಆಣೆ ಮಾಡ್ತೀನಿ!"

ಇಳಿಯಲಿದ್ದ ಲಂಗರು ಗಾಳಿಯಲ್ಲೇ ನಿಂತಿತು. ಅದನ್ನು ಹಿಡಿದವನು ಹಿಂದಿನವರಿಗೆ ಕೂಗಿದ:

"ಬುರುಡೆ ಮಾಮ ಕರೀತಿದ್ದಾನೆ ಅಂದ್ರೆ ಇಲ್ಲೊಂದು ಸೀಗಡಿಯೂ ಇಲ್ಲ. ತಿರುಗಿಸ್ರೋ ದೋಣಿ!"

ಒಂದರ ಹಿಂದೊಂದು ದೋಣಿಗಳು ಮೂತಿ ತಿರುಗಿಸಿದವು. ಅಪ್ಪ ಇನ್ನೂ ಜೋರಾಗಿ ಕರೆದ. ಅವು ಇನ್ನೂ ಜೋರಾಗಿ ಓಡಿದವು. ಅವನ ದೋಣಿಯ ಸುತ್ತ ಮೀನುಗಳು ಪಟಪಟನೆ ನೆಗೆಯುತ್ತಿದ್ದವು.

ನಕ್ಕು ನಕ್ಕು ಸುಸ್ತಾದ ಮಗಳು ದೋಣಿಯಲ್ಲಿ ಉಳಿದಿದ್ದ ಒಂದೇ ಒಂದು ಹಳದಿ ಬುರುಡೆಯನ್ನು ಎತ್ತಿಕೊಂಡಳು. ನೀರಿಗೆ ಬಿಡದೆ ಮಡಿಲಲ್ಲೇ ಇಟ್ಟುಕೊಂಡು ಕೂತಳು.

"ಇದು ಇಲ್ಲಿ ಬಿತ್ತು ಅಂದ್ರೆ ನೀನೂ ಇನ್ನು ಇಲ್ಲಿ ಬಲೆ ಬೀಸೋ ಹಾಗಿಲ್ಲ ಅಪ್ಪ."

"ಎಡ ಅಂತ ಹೇಳೋವಾಗಲೇ ಗೊತ್ತಿತ್ತು. ಬಿಡು" ಎಂದು ಅಪ್ಪ ತನ್ನ ಬಲೆಯನ್ನು ಮಡಚಿ ಕೂರುವ ಹಲಗೆಯ ಕೆಳಗೆ ತುರುಕಿದ.

ಬುರುಡೆ ತೇಲಿತು. ದೂರದಿಂದ ಯಾರೋ ಕೀಟಲೆಗೆ ಕೂಗಿದರು: "ಬುರುಡೆ ಮಾಮಾ, ಏನಾದ್ರೂ ಸಿಕ್ತಾ?"

ಅಭ್ಯಾಸಬಲ. "ಏನೂ ಇ..." ಎನ್ನುವಷ್ಟರಲ್ಲಿ ಮಗಳು ಒದ್ದೆ ಕೈಯಿಂದ ಅವನ ಬಾಯಿ ಮುಚ್ಚಿದಳು.

"ನಿಜ ಹೇಳಪ್ಪ, ದಮ್ಮಯ್ಯ!"